ಗೂಬೆ ಹಾರಿಸುವ ಕಿಟ್: ಓಎಚ್‌ಪಿ ಹಾಳೆ, ಶರ್ಟ್ ಗುಂಡಿ, ಗಂಟು ಹಾಕಿದ ದಾರ

ಮೇಜಿನ ಸುತ್ತ ಕೂತು ಡೈಸ್ ಉರುಳಿಸಿ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ‘ಫೈಂಡ್ ಫ್ಯಾಮಿಲಿಯರ್’ ಮೊದಲ ಹಂತದ ಮಂತ್ರ. ವಿಜರ್ಡ್ (ಮಂತ್ರವಾದಿ ಪಾತ್ರ) ಒಂದು ಗಂಟೆ ಕೂತು ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ 10 ಚಿನ್ನದ ನಾಣ್ಯ ಬೆಲೆಯ ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟರೆ ಗೂಬೆಯೋ ಬಾವಲಿಯೋ ಜೇಡವೋ ಹಾಜರಾಗುತ್ತದೆ; ಅದೇ ಫ್ಯಾಮಿಲಿಯರ್. ಅದರ ಕಣ್ಣಲ್ಲಿ ನೋಡಬಹುದು, ಕಿವಿಯಲ್ಲಿ ಕೇಳಬಹುದು. ಕಾಗದದ ಮೇಲೆ ಇಷ್ಟು ಅಗ್ಗದ ಬೇಹುಗಾರ ಇನ್ನೊಬ್ಬನಿಲ್ಲ. ಆದರೆ ಆಟದ ಮೇಜಿನಲ್ಲಿ ಇದೇ ಮಂತ್ರ ಅರ್ಧ ಗಂಟೆ ನುಂಗಿಬಿಡುತ್ತದೆ. ಒಬ್ಬ ಆಟಗಾರ ಡಿಎಂ (ಆಟ ನಡೆಸುವವರು) ಜೊತೆ ‘ಇಲ್ಲಿಂದ ಕಾಣುತ್ತಾ? ಅಲ್ಲಿಗೆ ತಲುಪುತ್ತಾ?’ ಅಂತ ಕೇಳುತ್ತಾ ಕೂತರೆ ಉಳಿದವರು ಮೊಬೈಲ್ ತೆಗೆಯುತ್ತಾರೆ.

ಮಂತ್ರದಲ್ಲಿ ದೋಷವಿಲ್ಲ. ದೂರ, ಎತ್ತರ, ಸಮಯ ಮೂರೂ ಬಾಯಿಮಾತಿನಲ್ಲೇ ನಡೆಯುವುದರಿಂದ ಈ ಎಳೆದಾಟ. ಆ ಮೂರನ್ನೂ ಕೈಗೆ ಸಿಗುವ ವಸ್ತುಗಳಾಗಿ ಮಾಡಿ ಮೇಜಿನ ಮೇಲಿಟ್ಟರೆ ಒಂದು ಹಾರಾಟ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೆಳಗಿರುವುದು ಅಂಥ ಕಿಟ್ ಕಟ್ಟುವ ಕ್ರಮ. ಅಂಕಿಅಂಶಗಳೆಲ್ಲ 2014ರ ನಿಯಮದವು. 2024ರ ಪರಿಷ್ಕರಣೆ ಎಲ್ಲಿ ಲೆಕ್ಕ ಬದಲಿಸುತ್ತದೋ ಅಲ್ಲಿ ಹೇಳಿದೆ.

ಬೇಕಾದ ಸಾಮಾನು

ಎ4 ಅಳತೆಯ ಪಾರದರ್ಶಕ ಓಎಚ್‌ಪಿ ಹಾಳೆ 1 (ಕತ್ತರಿಸುವಾಗ ಕೆಟ್ಟರೆ ಇರಲಿ ಅಂತ ಇನ್ನೊಂದು). ಶಾಲೆಯ ಗ್ರಾಫ್ ಹಾಳೆ, ಸೆಂಟಿಮೀಟರ್ ಚೌಕದ್ದು, ಅಗತ್ಯವಿದ್ದಷ್ಟು. ಎ4ಗಿಂತ ಒಂದಿಂಚು ದೊಡ್ಡದಾದ 3 ಮಿಮೀ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ತುಂಡು 1. ನಾಲ್ಕು ತೂತಿನ ಶರ್ಟ್ ಗುಂಡಿ 2, ಬೇರೆ ಬೇರೆ ಬಣ್ಣದವು: ಒಂದು ಗೂಬೆ, ಇನ್ನೊಂದು ವಿಜರ್ಡ್. ಪಾಲಿಯೆಸ್ಟರ್ ಹೊಲಿಗೆ ದಾರ ಸುಮಾರು 30 ಸೆಂಮೀ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ನೀಲಿ ಮತ್ತು ಕೆಂಪು. ಬೈಂಡರ್ ಕ್ಲಿಪ್ 4, ಪೇಪರ್ ಕ್ಲಿಪ್ 2, ಹತ್ತು ಮುಖದ ಡೈಸ್ 1, ಜಾಮಿಟ್ರಿ ಬಾಕ್ಸ್‌ನ ಕೈವಾರ, ಕತ್ತರಿ. ಬೆಂಗಳೂರಿನವರಿಗಾದರೆ ಅವೆನ್ಯೂ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಗುಂಡಿ, ಡೈಸ್ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಗುಂಡಿ ಹಳೇ ಶರ್ಟಿಂದ ಕಿತ್ತುಕೊಳ್ಳಿ.

ಮೊದಲು ಅಳತೆ ತೀರ್ಮಾನ

ಕಾದಾಟದ ಮ್ಯಾಪಿನ ಮಾಮೂಲಿ ಅಳತೆ ಒಂದಿಂಚಿಗೆ 5 ಅಡಿ. ಬೇಹಿಗೆ ಅದು ಕೆಲಸಕ್ಕೆ ಬಾರದು. ಫ್ಯಾಮಿಲಿಯರ್ ಜೊತೆ ಮನಸ್ಸಿನಲ್ಲೇ ಮಾತಾಡುವ ಮಿತಿ 100 ಅಡಿ, ಅಂದರೆ 20 ಇಂಚು. ವೃತ್ತ ಬರೆದರೆ ಅಡ್ಡಗಲ 40 ಇಂಚು, ಮೇಜೇ ಸಾಲದು. ಆದ್ದರಿಂದ ಬೇಹಿಗೆ ಬೇರೆ ನಕ್ಷೆ: 1 ಸೆಂಮೀ = 10 ಅಡಿ. ಈ ಅಳತೆಯಲ್ಲಿ ಲೆಕ್ಕವೆಲ್ಲ ತಾನೇ ಸಲೀಸಾಗುತ್ತದೆ. 100 ಅಡಿ ಮಿತಿ 10 ಸೆಂಮೀ. ಗೂಬೆ ಒಂದು ಸುತ್ತಿನಲ್ಲಿ (ಆಟದ ಆರು ಸೆಕೆಂಡ್) ಹಾರುವ 60 ಅಡಿ 6 ಸೆಂಮೀ. ಅದರ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ದೂರ) 120 ಅಡಿ 12 ಸೆಂಮೀ. ಒಂದು ಎ4 ಹಾಳೆಯಲ್ಲಿ 210 ಅಡಿ ಅಗಲ, 297 ಅಡಿ ಉದ್ದದ ಜಾಗ ಹಿಡಿಯುತ್ತದೆ. ಒಂದು ಹಾಳುಕೋಟೆಗೆ ಧಾರಾಳ.

ನಕ್ಷೆಯನ್ನು ಕಂಪ್ಯೂಟರಿಂದ ಪ್ರಿಂಟ್ ತೆಗೆಯುವವರು ‘ಫಿಟ್ ಟು ಪೇಜ್’ ಆಯ್ಕೆ ತೆಗೆದು ನೂರು ಪ್ರತಿಶತ ಅಂತ ಇಡಬೇಕು. ಇಲ್ಲದಿದ್ದರೆ ಪ್ರಿಂಟರ್ ಅಂಚಿಗೆ ಜಾಗ ಬಿಡಲು ಇಡೀ ಚಿತ್ರವನ್ನು ಕುಗ್ಗಿಸುತ್ತದೆ, ಚೌಕಕ್ಕೂ ವೃತ್ತಕ್ಕೂ ತಾಳೆಯಾಗುವುದಿಲ್ಲ. ಪ್ರಿಂಟ್ ಬಂದ ತಕ್ಷಣ ಹತ್ತು ಚೌಕಕ್ಕೆ ಸ್ಕೇಲ್ ಇಟ್ಟು ನೋಡಿ.

ಚೌಕ ಎಣಿಸುವ ಪದ್ಧತಿಯನ್ನೂ ಇಲ್ಲಿ ಬಿಡಬೇಕು. ಐದನೇ ಆವೃತ್ತಿಯ ಗ್ರಿಡ್ ನಿಯಮದಲ್ಲಿ ಮೂಲೆಯಿಂದ ಮೂಲೆಗೆ ಹೋದರೂ ಒಂದೇ ಚೌಕದ ಲೆಕ್ಕ. ಅದನ್ನು ವೃತ್ತದ ಜೊತೆ ಬೆರೆಸಿದರೆ ಗೂಬೆ ವೃತ್ತದ ಹೊರಗಿದ್ದೂ ‘ನೂರು ಅಡಿ ಒಳಗೇ ಇದ್ದೀನಿ’ ಅನ್ನುತ್ತದೆ. ಬೇಹಿನಲ್ಲಿ ದೂರವೆಲ್ಲ ಸ್ಕೇಲಿನದು.

ಬಿಲ್ಲೆ

ಓಎಚ್‌ಪಿ ಹಾಳೆಯ ನಡುವೆ ಕೈವಾರದ ಮುಳ್ಳು ಊರಿ 10 ಸೆಂಮೀ ತ್ರಿಜ್ಯದ ವೃತ್ತ ಎಳೆಯಿರಿ. ಎ4 ಅಗಲ 21 ಸೆಂಮೀ ಇರುವುದರಿಂದ ಅಕ್ಕಪಕ್ಕ ಅರ್ಧ ಸೆಂಮೀ ಅಂಚು ಉಳಿಯುತ್ತದೆ, ಅಷ್ಟೇ. ಮುಳ್ಳು ಒಂದು ಮಿಮೀ ಸರಿದರೂ ಒಂದು ಕಡೆ ಅಂಚು ಕಿರಿದಾಗುತ್ತದೆ. ಶಾಲೆಯ ಕೈವಾರಕ್ಕೆ ಮಾರ್ಕರ್ ಕೂರದಿದ್ದರೆ ರಟ್ಟಿನ ಪಟ್ಟಿಯಲ್ಲಿ ಸರಿಯಾಗಿ 10 ಸೆಂಮೀ ಅಂತರದಲ್ಲಿ ಎರಡು ತೂತು ಮಾಡಿ, ಒಂದಕ್ಕೆ ಗುಂಡುಸೂಜಿ, ಇನ್ನೊಂದಕ್ಕೆ ಮಾರ್ಕರ್ ಮೊನೆ ಹಾಕಿ ತಿರುಗಿಸಿ.

ಅದೇ ಕೇಂದ್ರದಿಂದ ಇನ್ನೂ ಮೂರು ವೃತ್ತ: 8 ಸೆಂಮೀ, 7.1 ಸೆಂಮೀ, 3 ಸೆಂಮೀ.

ಮೊದಲಿನ ಎರಡು ಎತ್ತರಕ್ಕೆ. 100 ಅಡಿ ಮಿತಿ ನೆಲದ ಮೇಲೆ ಮಾತ್ರ ಅಲ್ಲ, ಗಾಳಿಯಲ್ಲೂ ಅಷ್ಟೇ. ಗೂಬೆ 60 ಅಡಿ ಮೇಲೆ ಹಾರುತ್ತಿದ್ದರೆ ಪೈಥಾಗೊರಸ್ ಲೆಕ್ಕದಂತೆ ನೆಲದ ಮೇಲಿನ ದೂರ 80 ಅಡಿಗೆ ಇಳಿಯುತ್ತದೆ. 70 ಅಡಿ ಮೇಲಿದ್ದರೆ 71 ಅಡಿ ಚಿಲ್ಲರೆ. ಹೊಸ ಡಿಎಂಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಕೊನೆಯ 3 ಸೆಂಮೀ ವೃತ್ತ ಬೇರೆ ಕೆಲಸಕ್ಕೆ. ಒಂದು ಆ್ಯಕ್ಷನ್ (ಒಂದು ಸರದಿಯ ಮುಖ್ಯ ಕೆಲಸ) ಖರ್ಚು ಮಾಡಿ ಫ್ಯಾಮಿಲಿಯರನ್ನು ಮಾಯ ಮಾಡಬಹುದು, ಇನ್ನೊಂದು ಆ್ಯಕ್ಷನ್‌ನಲ್ಲಿ 30 ಅಡಿ ಒಳಗಿನ ಖಾಲಿ ಜಾಗದಲ್ಲಿ ಮತ್ತೆ ಪ್ರತ್ಯಕ್ಷ ಮಾಡಿಸಬಹುದು. ಆ ಜಾಗ ಕಣ್ಣಿಗೆ ಕಾಣಬೇಕು ಅಂತ 2014ರ ಪಠ್ಯ ಹೇಳುವುದಿಲ್ಲ. ಅಂದರೆ ಬೀಗ ಹಾಕಿದ ಬಾಗಿಲಿನ ಆಚೆ ಗೂಬೆ ಇಳಿಸುವ ವಾದಕ್ಕೆ ದಾರಿ ಇದೆ. ಒಪ್ಪುವುದೋ ಬಿಡುವುದೋ ಆಟ ಶುರುವಾಗುವ ಮುನ್ನ ಡಿಎಂ ಹೇಳಿಬಿಡಲಿ, ಬಾಗಿಲ ಮುಂದೆ ನಿಂತು ಜಗಳ ಬೇಡ.

ಈ ನಾಲ್ಕೂ ವೃತ್ತ ನೀಲಿ, ತುಂಡುಗೆರೆಯಲ್ಲಿ. ಬಣ್ಣ, ಗೆರೆಯ ಬಗೆ ಮುಖ್ಯ. ಮನಸ್ಸಿನ ಮಾತಿಗೆ ಗೋಡೆ ಅಡ್ಡಿಯಲ್ಲ, ಆದರೆ ಕಣ್ಣಿಗೆ ಗೋಡೆ ಗೋಡೆಯೇ. ಎರಡನ್ನೂ ಒಂದೇ ಬಗೆಯ ಗೆರೆಯಲ್ಲಿ ಬರೆದ ಕಿಟ್‌ಗಳಲ್ಲಿ ಆಟಗಾರರು ಗೋಡೆಯಾಚೆಯ ಕೋಣೆಯನ್ನೂ ‘ವೃತ್ತದ ಒಳಗಿದೆಯಲ್ಲ’ ಅಂತ ನೋಡಲು ಹೊರಡುತ್ತಾರೆ. ನೀಲಿ ತುಂಡುಗೆರೆ ಅಂದರೆ ಗೋಡೆ ದಾಟುತ್ತದೆ; ಕೆಂಪು ಅಂದರೆ ದಾಟುವುದಿಲ್ಲ.

ಒಂದು ತಾಂತ್ರಿಕ ಎಚ್ಚರಿಕೆ. ಲೇಸರ್ ಪ್ರಿಂಟರಿಗೆಂದೇ ಮಾಡಿರದ ಪ್ಲಾಸ್ಟಿಕ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಿದರೆ ಒಳಗಿನ ಬಿಸಿ ರೋಲರಿಗೆ ಕರಗಿ ಅಂಟಿಕೊಳ್ಳುತ್ತದೆ, ರಿಪೇರಿ ಖರ್ಚು ಕಿಟ್‌ಗಿಂತ ಜಾಸ್ತಿ. ಇಂಕ್‌ಜೆಟ್ ಶಾಯಿ ನುಣುಪು ಹಾಳೆಯ ಮೇಲೆ ಹನಿಗಟ್ಟಿ ಅಳಿಸಿಹೋಗುತ್ತದೆ. ಕೈಯಲ್ಲೇ ಬರೆಯುವುದು ಎಲ್ಲಕ್ಕಿಂತ ವಾಸಿ. ಗೆರೆ ಹಾಳೆಯ ಅಡಿಬದಿಗೆ ಬರಲಿ; ಮೇಲ್ಬದಿಯಲ್ಲಿ ಆಟದ ವೇಳೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಗುರುತು ಮಾಡಿ ಒರೆಸಬಹುದು. ಸ್ಪಿರಿಟ್ ಹಾಕಿ ಒರೆಸಿದರೆ ಪರ್ಮನೆಂಟ್ ಗೆರೆಯೂ ಎದ್ದುಹೋಗುತ್ತದೆ, ಒಣ ಬಟ್ಟೆ ಸಾಕು.

ವೃತ್ತದ ಹೊರಗೆ 4 ಮಿಮೀ ಬಿಟ್ಟು ಬಿಲ್ಲೆ ಕತ್ತರಿಸಿ. ಕತ್ತರಿ ಹಿಡಿದ ಕೈ ಅಲ್ಲಾಡಬಾರದು, ಹಾಳೆಯನ್ನೇ ತಿರುಗಿಸುತ್ತಾ ಹೋಗಬೇಕು. ಇಡೀ ಎ4 ಹಾಳೆಯನ್ನೇ ಹಾಗೇ ಬಳಸಿದರೆ ಟ್ಯೂಬ್‌ಲೈಟಿನ ಬೆಳಕು ಪ್ರತಿಫಲಿಸಿ ಒಂದು ಬದಿ ಕೂತವರಿಗೆ ನಕ್ಷೆಯೇ ಕಾಣುವುದಿಲ್ಲ, ಮೂಲೆಗಳೂ ಸುರುಳಿಯಾಗುತ್ತವೆ. ಬಿಲ್ಲೆಗೆ ಎರಡೂ ತೊಂದರೆ ಕಡಿಮೆ.

ಕತ್ತರಿಸಿ ಉಳಿದ ಮೂಲೆ ಚೂರುಗಳಲ್ಲಿ 4 ಸೆಂಮೀ ಅಡ್ಡಗಲದ ಪುಟ್ಟ ಬಿಲ್ಲೆ ಒಂದೆರಡು ಹೊರಡುತ್ತವೆ. ಪಂಜಿನ ಪೂರ್ಣ ಬೆಳಕು 20 ಅಡಿ ಸುತ್ತ, ಅಂದರೆ ಇದೇ ಬಿಲ್ಲೆ. ಅದರಾಚೆಯ 20 ಅಡಿ ಮಬ್ಬು ಬೆಳಕನ್ನು ಸ್ಕೇಲಿನಲ್ಲಿ ಅಳೆದರೆ ಸಾಕು. ಪಂಜು ಹಿಡಿದ ಕಾವಲುಗಾರ ಇರುವಲ್ಲೆಲ್ಲ ಡಿಎಂ ಒಂದು ಬಿಲ್ಲೆ ಇಡುತ್ತಾರೆ.

ದಾರ

ನೋಟದ ದೂರಕ್ಕೂ ಬಿಲ್ಲೆ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಗೂಬೆಗೆ 12 ಸೆಂಮೀ ತ್ರಿಜ್ಯ ಬೇಕು, ಅಂದರೆ 24 ಸೆಂಮೀ ಅಡ್ಡಗಲ. ಎ4 ಅಗಲ 21. ಅರ್ಧ ಬಿಲ್ಲೆಯಾದರೆ ಹಿಡಿಸುತ್ತದೆ, ಆದರೆ ನೀಲಿ ಬಿಲ್ಲೆಯ ಮೇಲೆ ಇದು, ಇದರ ಮೇಲೆ ಪಂಜಿನದು ಅಂತ ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಕೂತು ಯಾವುದು ಮುಟ್ಟಿದರೂ ಎಲ್ಲ ಜಾರುತ್ತದೆ. ಜೊತೆಗೆ ಬಿಲ್ಲೆ ದೂರವನ್ನಷ್ಟೇ ಹೇಳುತ್ತದೆ, ನಡುವೆ ಗೋಡೆ ಬಂತೋ ಇಲ್ಲವೋ ಹೇಳುವುದಿಲ್ಲ.

ಗೂಬೆಯ ಗುಂಡಿಗೆ ಕಟ್ಟಿದ ದಾರ ಎರಡನ್ನೂ ಹೇಳುತ್ತದೆ. ಗುಂಡಿಯ ಒಂದು ತೂತಿನಲ್ಲಿ ದಾರ ಪೋಣಿಸಿ ಬಿಗಿಯಾಗಿ ಗಂಟು ಹಾಕಿ. ಗುಂಡಿಯ ನಡುವಿನಿಂದ ಅಳೆದು 3, 6, 12 ಸೆಂಮೀಗೆ ಒಂದೊಂದು ಗಂಟು: 3 ಇಲಿ ಮತ್ತು ಜೇಡದ ಡಾರ್ಕ್‌ವಿಷನ್, 6 ಬಾವಲಿಯ ಬ್ಲೈಂಡ್‌ಸೈಟ್ (ಕಣ್ಣಿಲ್ಲದೆ ಗ್ರಹಿಸುವ ಶಕ್ತಿ) ಮತ್ತು ಗೂಬೆಯ ಒಂದು ಸುತ್ತಿನ ಹಾರಾಟ, 12 ಗೂಬೆಯ ಡಾರ್ಕ್‌ವಿಷನ್. ಪ್ರತಿ ಗಂಟೂ ಒಂದಷ್ಟು ದಾರ ತಿನ್ನುತ್ತದೆ. ಆದ್ದರಿಂದ ಮೂರೂ ಗುರುತು ಮೊದಲೇ ಮಾಡಿಕೊಂಡು ಗಂಟು ಹಾಕಿದರೆ 12ರ ಗಂಟು ಒಂದಿಷ್ಟು ಒಳಗೆ ಬಂದಿರುತ್ತದೆ. ಒಂದು ಗಂಟು ಬಿಗಿದು, ಮತ್ತೆ ಅಳೆದು, ಮುಂದಿನದಕ್ಕೆ ಹೋಗಿ. ಗಂಟು ಬಿಗಿಯುವಾಗ ಸರಿಯಾದ ಜಾಗದಲ್ಲಿ ಗುಂಡುಸೂಜಿ ಚುಚ್ಚಿಟ್ಟು ಅದರತ್ತ ಎಳೆದರೆ ಗಂಟು ಅಲ್ಲೇ ಕೂರುತ್ತದೆ. ಉಣ್ಣೆ, ಎಲಾಸ್ಟಿಕ್ ಬೇಡ, ಎಳೆದಷ್ಟೂ ಬರುತ್ತವೆ. ಕೊನೆಗೆ 9.7 ಸೆಂಮೀಗೆ ಕೆಂಪು ಶಾಯಿಯ ಗುರುತು. ಅದು 70 ಅಡಿ ಮೇಲಿರುವ ಗೂಬೆಗೆ ನೆಲ ಎಷ್ಟು ದೂರದವರೆಗೆ ಕಾಣುತ್ತದೆ ಅನ್ನುವ ಅಳತೆ.

ಬಳಸುವುದು ಹೀಗೆ: ಗುಂಡಿಯನ್ನು ಬೆರಳಲ್ಲಿ ಒತ್ತಿಹಿಡಿದು ದಾರವನ್ನು ಗುರಿಯತ್ತ ಬಿಗಿಯಾಗಿ ಎಳೆಯಿರಿ. ಗೋಡೆಗೆರೆ ದಾಟಿದರೆ ಕಾಣುವುದಿಲ್ಲ. ದಾಟದೆ ಗಂಟಿನೊಳಗೆ ಗುರಿ ಸಿಕ್ಕರೆ ಕಾಣುತ್ತದೆ. ವಾದಕ್ಕೆ ಅಲ್ಲಿ ಆಸ್ಪದವಿಲ್ಲ.

ಎತ್ತರಕ್ಕೆ ಹತ್ತು ಮುಖದ ಡೈಸನ್ನು ಗುಂಡಿಯ ಪಕ್ಕ ಇಡಿ. 0 ಅಂದರೆ ನೆಲ, 7 ಅಂದರೆ 70 ಅಡಿ. ಗುಂಡಿ ಮೇಲೆ ಗುಂಡಿ ಪೇರಿಸಿದರೆ ನಾಲ್ಕನೆಯದಕ್ಕೇ ಬೀಳುತ್ತದೆ.

ಸುತ್ತಿನ ಪಟ್ಟಿ, ಎಚ್ಚರದ ಪಟ್ಟಿ

ಗ್ರಾಫ್ ಹಾಳೆಯನ್ನು ಸನ್‌ಬೋರ್ಡಿಗೆ ಬೈಂಡರ್ ಕ್ಲಿಪ್ಪಿನಲ್ಲಿ ಕಚ್ಚಿಸಿದ ಮೇಲೆ ಅಂಚಿನಲ್ಲಿ ಉಳಿಯುವ ಜಾಗದಲ್ಲಿ ಎರಡು ಪಟ್ಟಿ ಬರೆದು ತಲಾ ಒಂದು ಪೇಪರ್ ಕ್ಲಿಪ್ ಸಿಕ್ಕಿಸಬೇಕು. ಒಂದು ಹತ್ತು ಮನೆಯದು: ಪ್ರತಿ ಮನೆ ಒಂದು ಸುತ್ತು, ಆರು ಸೆಕೆಂಡ್, ಹತ್ತು ಮನೆ ಒಂದು ನಿಮಿಷ. ಇನ್ನೊಂದು ನಾಲ್ಕು ಮನೆಯದು: ನಿದ್ದೆ, ಅನುಮಾನ, ಹುಡುಕಾಟ, ಎಚ್ಚರಿಕೆಯ ಗಂಟೆ.

ಎಚ್ಚರದ ಪಟ್ಟಿ ಪುಸ್ತಕದ ನಿಯಮವಲ್ಲ, ಮೇಜಿನ ನಿಯಮ. ಸ್ಟೆಲ್ತ್ (ಕಣ್ಣಿಗೆ ಬೀಳದೆ ನುಸುಳುವ) ಡೈಸ್ ನಾಲ್ಕು ಅಂಕದೊಳಗೆ ತಪ್ಪಿದರೆ ಒಂದು ಮನೆ, ಐದು ಅಥವಾ ಹೆಚ್ಚು ತಪ್ಪಿದರೆ ಎರಡು ಮನೆ. ಇದು ಇಲ್ಲದಿದ್ದರೆ ಒಂದೇ ಕೆಟ್ಟ ಡೈಸಿಗೆ ಇಡೀ ಕೋಟೆ ಎದ್ದು ನಿಲ್ಲುತ್ತದೆ.

ಡೈಸ್ ಎಷ್ಟು ಸಲ ಉರುಳಿಸುವುದು ಅನ್ನುವುದು ಈ ಕಿಟ್‌ನ ಅತಿ ಸೂಕ್ಷ್ಮ ಜಾಗ. ಗೂಬೆಯ ಸ್ಟೆಲ್ತ್ +3. ಬೆಳಕಲ್ಲಿರುವ ಗಾಬ್ಲಿನ್‌ನ (ಕುಳ್ಳ ದುಷ್ಟಜೀವಿ) ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಡೈಸ್ ಉರುಳಿಸದೆಯೇ ಗಮನಿಸುವ ಶಕ್ತಿ, 9. ಅದನ್ನು ಮೀರಲು ಇಪ್ಪತ್ತು ಮುಖದ ಡೈಸಲ್ಲಿ 7 ಅಥವಾ ಹೆಚ್ಚು ಬೇಕು, ಅಂದರೆ ನೂರಕ್ಕೆ 70. ಪರವಾಗಿಲ್ಲ ಅನಿಸುತ್ತದೆ. ಆದರೆ ಪ್ರತಿ ಕೋಣೆಗೆ, ಪ್ರತಿ ಅಂಗಳಕ್ಕೆ ಒಂದೊಂದು ಅಂತ ಮೂರು ಸಲ ಉರುಳಿಸಿದರೆ ಮೂರರಲ್ಲೂ ಪಾರಾಗುವ ಸಾಧ್ಯತೆ 34ಕ್ಕೆ ಇಳಿಯುತ್ತದೆ. ಎಷ್ಟೇ ಒಳ್ಳೆಯ ಬೇಹುಗಾರನೂ ಹೀಗೆ ಸಿಕ್ಕಿಬೀಳುತ್ತಾನೆ, ಆಮೇಲೆ ಎಲ್ಲರೂ ಸೇರಿ ಡಿಎಂ ಮೇಲೆ ಗೂಬೆ ಕೂರಿಸುತ್ತಾರೆ. ಒಂದು ದಾರಿಗೆ ಒಂದೇ ಡೈಸ್. ಬೆಳಕು ಬದಲಾದರೆ, ಹೊಸ ಬಗೆಯ ಕಾವಲು ಎದುರಾದರೆ ಮಾತ್ರ ಇನ್ನೊಂದು. ನಾಯಿ ಇದ್ದರೆ ಖಂಡಿತ ಇನ್ನೊಂದು: ಮ್ಯಾಸ್ಟಿಫ್ ನಾಯಿಗೆ ಕಿವಿ, ಮೂಗಿನ ಅನುಕೂಲ ಸೇರಿ ಪ್ಯಾಸಿವ್ 18 ಆಗುತ್ತದೆ, ಗೂಬೆಗೆ ಉಳಿಯುವುದು ನೂರಕ್ಕೆ 25.

ಪರೀಕ್ಷಾ ಹಾರಾಟ

ಕಿಟ್ ಸರಿಯಾಗಿದೆಯೇ ಎಂದು ನೋಡಲು ಈ ಸನ್ನಿವೇಶ ಸಾಕು. ಅಮಾವಾಸ್ಯೆ ರಾತ್ರಿ, ಚಾವಣಿ ಬಿದ್ದ ಕೋಟೆಯ ಅಂಗಳ, ಪಂಜಿಲ್ಲದೆ ಕಾಯುತ್ತಿರುವ ನಾಲ್ಕು ಗಾಬ್ಲಿನ್. ವಿಜರ್ಡ್ ಹೊರಗೋಡೆಯ ಮರೆಯಲ್ಲಿ. ಬಿಲ್ಲೆಯ ಕೇಂದ್ರ ವಿಜರ್ಡ್ ಗುಂಡಿಯ ಮೇಲೆ.

ಗಾಬ್ಲಿನ್‌ಗಳ ಡಾರ್ಕ್‌ವಿಷನ್ 60 ಅಡಿ. ಗೂಬೆಯದು 120. ಈ ವ್ಯತ್ಯಾಸದಲ್ಲೇ ಇಡೀ ಆಟ ಇರುವುದು. 70 ಅಡಿ ಎತ್ತರದಲ್ಲಿ ಹಾರುವ ಗೂಬೆ ಕತ್ತಲಲ್ಲಿ ಗಾಬ್ಲಿನ್ ಕಣ್ಣಿಗೆ ಬೀಳುವುದೇ ಇಲ್ಲ. ಗೂಬೆಗೆ ಮಾತ್ರ ಅಂಗಳ ಪೂರ್ತಿ ಕಾಣುತ್ತದೆ. ಮೊದಲ ಸುತ್ತು ಏರಲೇ ಹೋಗುತ್ತದೆ, 60 ಅಡಿ. ಎರಡನೇ ಸುತ್ತಿನಲ್ಲಿ ಉಳಿದ 10 ಏರಿ 50 ಅಡಿ ಮುಂದಕ್ಕೆ: ಗುಂಡಿ 5 ಸೆಂಮೀ ಸರಿಸಿ, ಡೈಸ್ 7ಕ್ಕೆ ತಿರುಗಿಸಿ. 7.1ರ ನೀಲಿ ಗೆರೆಯೊಳಗೆ ಇನ್ನೂ ಎರಡು ಸೆಂಮೀ ಜಾಗವಿದೆ. ಇದೇ ಸುತ್ತಿನಲ್ಲಿ ವಿಜರ್ಡ್ ಆ್ಯಕ್ಷನ್ ಕೊಟ್ಟು ಗೂಬೆಯ ಕಣ್ಣು ತೆರೆಯುತ್ತಾನೆ. ಆ ನೋಟ ಅವನ ಮುಂದಿನ ಸರದಿ ಶುರುವಾಗುವವರೆಗೆ. ಇನ್ನೂ ನೋಡಬೇಕೆಂದರೆ ಇನ್ನೊಂದು ಆ್ಯಕ್ಷನ್. ಅಷ್ಟು ಹೊತ್ತು ಅವನ ಸ್ವಂತ ಕಣ್ಣು ಕುರುಡು, ಕಿವಿ ಕಿವುಡು, ಆದ್ದರಿಂದ ವಿಜರ್ಡ್ ಗುಂಡಿಯನ್ನು ಮಗುಚಿಡಿ. ಮಗುಚಿದ ಗುಂಡಿ ಕಂಡರೆ ಪಕ್ಕದವರು ತಾವಾಗಿಯೇ ‘ನಾನು ಇವನ ಕಾವಲಿಗೆ ನಿಲ್ತೀನಿ’ ಅನ್ನುತ್ತಾರೆ. ಉಳಿದವರಿಗೂ ಕೆಲಸ ಸಿಕ್ಕಿತು. 2024ರ ನಿಯಮದಲ್ಲಿ ಈ ನೋಟಕ್ಕೆ ಬೋನಸ್ ಆ್ಯಕ್ಷನ್ (ಸರದಿಯ ಹೆಚ್ಚುವರಿ ಕಿರುಕೆಲಸ) ಸಾಕು, ಪಟ್ಟಿಯ ಲೆಕ್ಕ ಅಷ್ಟು ಸಡಿಲವಾಗುತ್ತದೆ.

ದಾರ ಎಳೆದು ನಾಲ್ಕೂ ಗಾಬ್ಲಿನ್ ನೋಡಿ. ಮೂವರಿಗೆ ದಾರ ಸಲೀಸಾಗಿ ಮುಟ್ಟುತ್ತದೆ. ನಾಲ್ಕನೆಯವನು ಮುರಿದ ಕಮಾನಿನ ಕೆಳಗಿದ್ದಾನೆ, ದಾರ ಗೋಡೆಗೆರೆ ದಾಟಿತು, ಹಾಗಾಗಿ ಡಿಎಂ ಹೇಳುವ ಸಂಖ್ಯೆ ಮೂರು. ಕತ್ತಲಲ್ಲಿ ಡಾರ್ಕ್‌ವಿಷನ್ ನೋಟ ಮಬ್ಬು ಬೆಳಕಿನಂತೆ, ಬಣ್ಣ ತಿಳಿಯುವುದಿಲ್ಲ, ಪರ್ಸೆಪ್ಷನ್‌ಗೆ ಅನನುಕೂಲ. ಗೂಬೆಗಿರುವ ಚುರುಕು ಕಣ್ಣಿನ ಅನುಕೂಲ ಅದನ್ನು ರದ್ದು ಮಾಡಿ ಪ್ಯಾಸಿವ್ 13ಕ್ಕೇ ನಿಲ್ಲುತ್ತದೆ. ‘ಯಾವ ಬಣ್ಣದ ಬಾವುಟ?’ ಅಂತ ಕೇಳಿದರೆ ಉತ್ತರವಿಲ್ಲ.

ನಾಲ್ಕನೆಯವನನ್ನು ನೋಡಬೇಕೆಂದು ಆಟಗಾರ ಗೂಬೆಯನ್ನು 20 ಅಡಿಗೆ ಇಳಿಸಿದ ಕ್ಷಣದಿಂದ ಅದು ಗಾಬ್ಲಿನ್ ನೋಟದೊಳಗೆ. ಕತ್ತಲಾದ್ದರಿಂದ ಅವುಗಳ ಪ್ಯಾಸಿವ್ 9ರಿಂದ 4ಕ್ಕೆ ಇಳಿದಿರುತ್ತದೆ, ಡೈಸಲ್ಲಿ 2 ಬಂದರೂ ಪಾರು, ಅಂದರೆ ನೂರಕ್ಕೆ 95. ಅಂಗಳದಲ್ಲಿ ಒಂದು ಪಂಜಿನ ಬಿಲ್ಲೆ ಇಟ್ಟು ಇದೇ ಹಾರಾಟ ಮತ್ತೆ ಮಾಡಿ ನೋಡಿ; 70ಕ್ಕೂ 95ಕ್ಕೂ ಇರುವ ಅಂತರ ಆಟಗಾರರ ಕೈಬೆರಳಿಗೇ ಗೊತ್ತಾಗುತ್ತದೆ. ಕಣ್ಣಿಗೆ ಬಿದ್ದರೆ ಗೂಬೆ ಉಳಿಯುವುದು ಕಷ್ಟ: ಎಸಿ (ರಕ್ಷಣೆಯ ಅಂಕ) 11, ಪ್ರಾಣ 1, ಗಾಬ್ಲಿನ್ ಬಿಲ್ಲು +4, ಪ್ರತಿ ಬಾಣ ನೂರಕ್ಕೆ 70 ತಾಗುತ್ತದೆ. ಸತ್ತ ಗೂಬೆ ಹೆಣ ಬಿಡದೆ ಮಾಯವಾಗುತ್ತದೆ. ಬಾಣ ತಾಗಿದ ಹಕ್ಕಿ ಗಾಳಿಯಲ್ಲೇ ಇಲ್ಲವಾದರೆ ಗಾಬ್ಲಿನ್‌ಗೂ ಮಂತ್ರದ ವಾಸನೆ ಹತ್ತುತ್ತದೆ, ಎಚ್ಚರದ ಪಟ್ಟಿ ನೇರ ‘ಹುಡುಕಾಟ’ಕ್ಕೆ.

ವಾಪಸ್ ಹಾರಿಸುವ ಅಗತ್ಯವಿಲ್ಲ. ಮಾಯ ಮಾಡಲು ದೂರದ ಮಿತಿ ಬರೆದಿಲ್ಲ. ಒಂದು ಆ್ಯಕ್ಷನ್‌ಗೆ ಅಲ್ಲಿಂದ ಮಾಯ, ಮುಂದಿನದಕ್ಕೆ ಪಕ್ಕದಲ್ಲಿ ಹಾಜರ್. ಅದೇ ಸುತ್ತಿನಲ್ಲಿ ನೋಡಲಾಗುವುದಿಲ್ಲ ಅನ್ನುವುದೊಂದೇ ಬೆಲೆ.

ಕಾರ್ಡುಗಳು

ಒಂದೊಂದು ಪ್ರಾಣಿಯ ಅಂಕಿ ಬರೆದ ಕಾರ್ಡುಗಳನ್ನು 63 × 88 ಮಿಮೀ ಅಳತೆಯಲ್ಲಿ ಕತ್ತರಿಸಿದರೆ ಮಾಮೂಲಿ ಕಾರ್ಡ್ ಕವರಿನಲ್ಲಿ ಕೂರುತ್ತವೆ. ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ದಾಖಲೆ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಈ ಪ್ರಾಣಿಗಳ ಅಂಕಿಗಳು ಅದರಲ್ಲಿವೆ. ಮೂಲ ಹೆಸರಿಸಿದರೆ ಕಾರ್ಡ್ ಮಾಡಿ ಹಂಚಲೂಬಹುದು.

ಬಾವಲಿ: ಹಾರಾಟ 30, ಬ್ಲೈಂಡ್‌ಸೈಟ್ 60. ಅದೃಶ್ಯನಾದವನನ್ನೂ ಪತ್ತೆ ಮಾಡುತ್ತದೆ, ಆದರೆ ಕಿವುಡಾದರೆ ಆ ಶಕ್ತಿಯೇ ಇಲ್ಲ. ಜೇಡ: ಸ್ಟೆಲ್ತ್ +4, ನೆಲ-ಗೋಡೆ ಎರಡರಲ್ಲೂ 20 ಅಡಿ, ಬಾಗಿಲ ಸಂದಿಗೆ ಇದೇ ಸರಿ, ಆದರೆ 100 ಅಡಿ ಹೋಗಲು ಐದು ಸುತ್ತು. ಬೆಕ್ಕು ಊರೊಳಗೆ ಹಗಲು ಹೊತ್ತಿಗೆ ಚೆನ್ನ, 2014ರ ಬೆಕ್ಕಿಗೆ ಡಾರ್ಕ್‌ವಿಷನ್ ಇಲ್ಲ. ಇಲಿ ಅಗ್ಗದ ಜೇಡ. ಮಾಮೂಲಿ ತಂಡಕ್ಕೆ ಗೂಬೆ, ಜೇಡ ಎರಡು ಕಾರ್ಡ್ ಸಾಕು, ಉಳಿದವು ಅಲಂಕಾರ.

ರೂಪ ಬದಲಿಸಲು ಮಂತ್ರ ಮತ್ತೆ ಹಾಕಬೇಕು: ಇನ್ನೊಂದು 10 ನಾಣ್ಯ, ರಿಚುಅಲ್ (ಮಂತ್ರಶಕ್ತಿ ಖರ್ಚಾಗದ ನಿಧಾನ ವಿಧಿ) ಆಗಿ ಹಾಕಿದರೆ 70 ನಿಮಿಷ. 2000ರ ಮೂರನೇ ಆವೃತ್ತಿಯಲ್ಲಿ ಫ್ಯಾಮಿಲಿಯರ್ ಸತ್ತರೆ ಯಜಮಾನನ ಅನುಭವದ ಅಂಕಗಳೇ ಕಡಿತವಾಗುತ್ತಿದ್ದವು. ಈಗ ಬೆಲೆ ಇಷ್ಟೇ. ಅದಕ್ಕೇ ಗೂಬೆ ಕಾರ್ಡಿನ ಹಿಂಬದಿಯಲ್ಲಿ ಧೂಪದ ಐದು ಚೌಕ ಬರೆದು, ಸತ್ತಾಗಲೊಮ್ಮೆ ಒಂದು ಹೊಡೆದುಹಾಕಿ. 70 ನಿಮಿಷ ಕಳೆಯುವಷ್ಟರಲ್ಲಿ ಎಚ್ಚರದ ಪಟ್ಟಿ ಎಲ್ಲಿಗೆ ಹೋಗುತ್ತದೆ ಅಂತ ಡಿಎಂ ನೋಡಿಕೊಳ್ಳಲಿ.

ನೂರು ಅಡಿ ಆಚೆಗೆ ಕಳಿಸುವಾಗ ಮುಂಚೆಯೇ ಮೂರು ಆಜ್ಞೆ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ನಡುವೆ ತಿದ್ದುಪಡಿ ಇಲ್ಲ. ಮಿತಿಯಾಚೆ ಕಣ್ಣು ಹಂಚಿಕೊಳ್ಳಬಹುದೇ ಅನ್ನುವುದರ ಬಗ್ಗೆ 2014ರ ವಾಕ್ಯ ಎರಡು ಅರ್ಥ ಕೊಡುತ್ತದೆ. ಈ ಕಿಟ್ ‘ಇಲ್ಲ’ ಅನ್ನುವ ಅರ್ಥ ಹಿಡಿದು ಕಟ್ಟಿದ್ದು. ಗೂಬೆಯ ಬುದ್ಧಿ 2, ಹಾಗಾಗಿ ಅದು ಮರಳಿ ಬಂದು ಹೇಳುವ ಲೆಕ್ಕ ‘ಒಂದು, ಎರಡು, ಬಹಳ’ ಅಷ್ಟೇ ಇರಲಿ.

ಕಿಟ್ ಕೈಕೊಡುವ ಜಾಗ

ಪ್ಯಾಕ್ಟ್ ಆಫ್ ದಿ ಚೈನ್ ವಾರ್‌ಲಾಕ್ (ವಿಶೇಷ ಫ್ಯಾಮಿಲಿಯರ್ ಪಡೆಯುವ ಇನ್ನೊಂದು ಬಗೆಯ ಮಂತ್ರವಾದಿ) ಬಂದರೆ ಅರ್ಧ ಕಿಟ್ ಮಡಚಿಡಬಹುದು. ಅವನ ಇಂಪ್ (ಪುಟ್ಟ ಪಿಶಾಚಿ) ಅದೃಶ್ಯವಾಗುತ್ತದೆ. ವಾಯ್ಸ್ ಆಫ್ ದಿ ಚೈನ್ ಮಾಸ್ಟರ್ ಎಂಬ ಶಕ್ತಿ ಪಡೆದರೆ ಒಂದೇ ಲೋಕದಲ್ಲಿರುವವರೆಗೆ ದೂರದ ಮಿತಿಯೂ ಇಲ್ಲ. ಆಗ ನೀಲಿ ಬಿಲ್ಲೆಗೆ ಕೆಲಸವಿಲ್ಲ, ದಾರ ಮತ್ತು ಎಚ್ಚರದ ಪಟ್ಟಿ ಇಟ್ಟುಕೊಳ್ಳಿ. ರೇಂಜರ್‌ನ (ಕಾಡು ಬಲ್ಲ ಬೇಟೆಗಾರ ಪಾತ್ರ) ಸಾಕುಪ್ರಾಣಿಗೆ ಕಣ್ಣು ಹಂಚುವ ಶಕ್ತಿ ತಾನಾಗಿ ಬರುವುದಿಲ್ಲ. ಬೀಸ್ಟ್ ಸೆನ್ಸ್ ಮಂತ್ರ ಬೇಕು, ಮುಟ್ಟಿ ಹಾಕಬೇಕು, ಏಕಾಗ್ರತೆಯಲ್ಲಿ ಒಂದು ಗಂಟೆವರೆಗೆ.

ದಟ್ಟ ಕಾಡಿನಲ್ಲಿ 70 ಅಡಿಯ ಉಪಾಯ ನಡೆಯುವುದಿಲ್ಲ, ಎಲೆಯ ಚಪ್ಪರ ಅಡ್ಡ. ಚಾವಣಿ ಇರುವ ಸುರಂಗದಲ್ಲಿ ಡೈಸ್ 1 ದಾಟುವುದೇ ಅಪರೂಪ.

ದಾರವನ್ನು ಗುಂಡಿಗೆ ಸುತ್ತಿ ಇಡಬೇಡಿ, ಬಿಚ್ಚುವಾಗ ಗಂಟಿನ ಮೇಲೆ ಗಂಟು ಬೀಳುತ್ತದೆ. ಸನ್‌ಬೋರ್ಡಿನ ಹಿಂಬದಿಗೆ ನೆಟ್ಟಗೆ ಚಾಚಿ ಸೆಲ್ಲೋಟೇಪಿನ ತುಂಡು ಅಂಟಿಸಿ. ಬಿಲ್ಲೆಯನ್ನು ಎರಡು ಗ್ರಾಫ್ ಹಾಳೆಗಳ ನಡುವೆ ಇಡಿ. ಬರೀ ಬಿಲ್ಲೆ ಸನ್‌ಬೋರ್ಡಿಗೆ ತಾಗಿ ಬಿಸಿಲಲ್ಲಿ ಕೂತರೆ ಪರ್ಮನೆಂಟ್ ಶಾಯಿ ಬೋರ್ಡಿಗೆ ಅಂಟಿ, ಎತ್ತುವಾಗ 8ರ ಗೆರೆ ಅರ್ಧ ಅಲ್ಲೇ ಉಳಿದುಬಿಡುತ್ತದೆ.